ಕಾಸು ಕೊಟ್ಟು ತಂದ ಮೌನ

"ಯಾರ ಮನೆ ಹುಡುಗ ರೀ ಇವನು?"

ಪಾರ್ಸಲ್ಲು ಬಿಚ್ಚಿದ ಮೇಲೆ ನನ್ನಾಕೆ ಕೇಳಿದ ಮೊದಲ ಪ್ರಶ್ನೆ ಇದು. ರಟ್ಟು, ರಟ್ಟಿನೊಳಗೊಂದು ರಟ್ಟು, ಅದರೊಳಗೆ ಈರುಳ್ಳಿ ಸಿಪ್ಪೆಯಂಥ ತೆಳು ಕಾಗದ, ಇಷ್ಟನ್ನೂ ಕಳಚಿದ ಮೇಲೆ ಉಳಿದದ್ದು ನೋಟುಬುಕ್ಕಿನ ಹಾಳೆಯಷ್ಟು ಅಗಲದ ಒಂದು ಮಬ್ಬು ಚಿತ್ರ. ಕಿಟಕಿಯ ಗಾಜಿನ ತುಂಬ ಮಳೆಹನಿ. ಕಿಟಕಿಯ ಬಳಿ ಒಬ್ಬ ಹುಡುಗ, ಒಂದು ಗಾಜಿನ ಗುಂಡಿನ ಕಡೆ ನೋಡುತ್ತಿದ್ದಾನೆ. ಅಷ್ಟೇ. ಆತ ನಗುತ್ತಿಲ್ಲ, ಅಳುತ್ತಿಲ್ಲ, ಕ್ಯಾಮೆರಾ ಕಡೆ ತಿರುಗಿಯೂ ನೋಡುತ್ತಿಲ್ಲ.

"ಗೊತ್ತಿಲ್ಲ ಕಣೇ. ಅಮೆರಿಕದವನು. ನೂರಿಪ್ಪತ್ತು ವರ್ಷದ ಹಿಂದಿನ ಹುಡುಗ."

"ನಮಗೇನಾಗಬೇಕು?"

"ಏನೂ ಆಗಬೇಕಿಲ್ಲ."

"ಮತ್ತೆ ಯಾಕೆ ತರಿಸಿದಿರಿ? ನಮ್ಮ ಮನೆ ಹುಡುಗರ ಫೋಟೋ ಅಟ್ಟದ ಮೇಲೆ ಟ್ರಂಕಿನಲ್ಲಿ ಕೊಳೀತಾ ಇವೆ."

ನಾನು ಉತ್ತರ ಹುಡುಕುವಷ್ಟರಲ್ಲಿ ಎರಡನೆಯ ಪ್ರಶ್ನೆ ಬಂತು. ಇಂಥ ಪಾರ್ಸಲ್ಲು ಬಿಚ್ಚಿದ ಯಾವ ಮನೆಯಲ್ಲೂ ಅದು ಬಂದೇ ಬರುತ್ತದೆ. "ಎಷ್ಟು ಕೊಟ್ಟಿರಿ?"

"ಒಂದು ಸೀರೆಯಷ್ಟು" ಅಂದೆ. ಜಾಣತನದ ಉತ್ತರವೆಂದು ಒಳಗೊಳಗೇ ಬೀಗುತ್ತಿದ್ದೆ.

"ಯಾವ ಸೀರೆ? ನಿತ್ಯ ಉಡೋದೋ, ರೇಷ್ಮೆಯದೋ?"

ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಲೋಕದಲ್ಲಿ ಅಂಚೆಚೀಟಿ ಕೂಡಿಡುವವರಿದ್ದಾರೆ, ನಾಣ್ಯ ಕೂಡಿಡುವವರಿದ್ದಾರೆ, ಗುಜರಿಯಿಂದ ಹಿತ್ತಾಳೆ ಹಂಡೆ ತಂದು ಹುಣಿಸೆಹಣ್ಣಿನಲ್ಲಿ ತಿಕ್ಕಿ ನಡುಮನೆಯಲ್ಲಿ ಕೂರಿಸುವವರಿದ್ದಾರೆ. ಅವರನ್ನು ಯಾರೂ ಏನೂ ಅನ್ನುವುದಿಲ್ಲ. ನನ್ನ ಹುಚ್ಚಿಗೆ ಮಾತ್ರ ಕನ್ನಡದಲ್ಲಿ ಹೆಸರಿಲ್ಲ. ಇರುವ ಇಂಗ್ಲಿಷ್ ಹೆಸರನ್ನು ಹೇಳಹೋದರೆ ಬಿಸಿ ಬೋಂಡ ಬಾಯಲ್ಲಿಟ್ಟುಕೊಂಡು ಮಾತಾಡಿದ ಹಾಗಾಗುತ್ತದೆ: ಪಿಕ್ಟೋರಿಯಲಿಸ್ಟ್. ಫೋಟೋ ಕೂಡ ಚಿತ್ರಕಲೆಯೇ, ಬರೀ ಯಂತ್ರದ ಕಸುಬಲ್ಲ ಎಂದು ಹಟ ಹಿಡಿದು ಸುಮಾರು 1890ರಿಂದ ಮೊದಲ ಮಹಾಯುದ್ಧದವರೆಗೆ ಕೂತವರ ಪಂಥ ಅದು. ಅವರು ಬೆಟ್ಟ, ಕೊಳ, ಬಂದರು, ಬೀದಿ ಎಲ್ಲವನ್ನೂ ತೆಗೆದರು. ನನಗೆ ಬೇಕಾದದ್ದು ಮನೆಯೊಳಗಿನವು ಮಾತ್ರ. ಕಿಟಕಿ ಪಕ್ಕ ಕೂತ ತಾಯಿ, ಓದುತ್ತಿರುವ ಹುಡುಗಿ, ಬಾಗಿಲಲ್ಲಿ ನಿಂತ ಮಗು. ಏನೂ ನಡೆಯದ ಮನೆಯ ಚಿತ್ರಗಳು.

ಇದು ಹತ್ತಿದ್ದು ಬಾಣಂತನದಲ್ಲಿ. ನನ್ನದಲ್ಲ, ಮಗಳದು. ಮಗಳು ಅಳಿಯ ಇರುವುದು ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ಸಿನಲ್ಲಿ. ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ಅಪ್ಪಂದಿರ ಪಾಡು ಅನುಭವಿಸಿದವರಿಗೇ ಗೊತ್ತು. ಅಮ್ಮನಿಗೆ ಮೈತುಂಬ ಕೆಲಸ: ಓಮದ ನೀರು, ಮೆಂತ್ಯದ ಹಿಟ್ಟು, ಮಗುವಿನ ಎಣ್ಣೆನೀರು. ಅಪ್ಪನಿಗೆ ಟಿಕೆಟ್ಟು ಯಾಕೆ ತೆಗೆಸಿದರೆಂದು ಯಾರಿಗೂ ನೆನಪಿರುವುದಿಲ್ಲ. ಸಹಾಯಕ್ಕೆ ಹೋದರೆ, "ನೀವು ಒಂದು ಕಡೆ ಸುಮ್ಮನೆ ಕೂತರೆ ಅದೇ ದೊಡ್ಡ ಉಪಕಾರ" ಅಂತ ಆಜ್ಞೆ. ಕೂತೆ. ಕೂತೂ ಕೂತೂ ಸೋಫಾದ ಮೇಲೆ ನನ್ನ ಆಕಾರದ ಹಳ್ಳ ಬಿತ್ತು. ಅಳಿಯನಿಗೆ ಕರುಣೆ ಬಂದು ಒಂದು ಭಾನುವಾರ, "ಮಾವ, ನ್ಯೂಅರ್ಕ್ ಅಂತ ಪಕ್ಕದಲ್ಲೊಂದು ಊರಿದೆ. ಅಲ್ಲಿ ಬುಟ್ಟಿ ಆಕಾರದ ಕಟ್ಟಡ ಇದೆ, ನೋಡಿಕೊಂಡು ಬರೋಣ" ಅಂದ.

ನ್ಯೂಯಾರ್ಕ್ ಪಕ್ಕದ ನ್ಯೂಅರ್ಕ್ ಅಲ್ಲ ಇದು. ಓಹಾಯೊದ್ದೇ ಸಣ್ಣ ನ್ಯೂಅರ್ಕ್. ಬುಟ್ಟಿ ತಯಾರಿಸುವ ಕಂಪನಿಯೊಂದು 1997ರಲ್ಲಿ ತನ್ನ ಕಚೇರಿಯನ್ನೇ ಏಳಂತಸ್ತಿನ ಬುಟ್ಟಿಯ ಹಾಗೆ ಕಟ್ಟಿಸಿತ್ತು, ಮೇಲೆ ಹಿಡಿಕೆ ಸಮೇತ. ನೋಡಿದೆ. ಬುಟ್ಟಿಯ ಹಾಗೇ ಇತ್ತು. ಅದಕ್ಕಿಂತ ಹೆಚ್ಚು ಹೇಳುವುದಕ್ಕೇನಿಲ್ಲ. ವಾಪಸು ಬರುತ್ತ ಅಳಿಯ, "ಯಾರೋ ಒಬ್ಬ ದೊಡ್ಡ ಫೋಟೋಗ್ರಾಫರ್ ಕೂಡ ಈ ಊರಿನವನಂತೆ ಮಾವ" ಅಂದ. ಮರುದಿನ ಮಗಳ ಕಾರ್ಡಿನಲ್ಲಿ ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದುಕೊಟ್ಟ. ಮಾವ ಸೋಫಾದಲ್ಲಿ ಇನ್ನೂ ಒಂದು ವಾರ ಸದ್ದಿಲ್ಲದೆ ಕೂರಲಿ ಎಂಬ ದೂರಾಲೋಚನೆ ಇದ್ದಿರಬಹುದು. ಪಾಪ, ಆ ಪುಸ್ತಕ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವನಿಗೇನು ಗೊತ್ತು.

ಆ ಫೋಟೋಗ್ರಾಫರನ ಹೆಸರು ಕ್ಲಾರೆನ್ಸ್ ಎಚ್. ವೈಟ್. ಹುಟ್ಟಿದ್ದು 1871ರಲ್ಲಿ. ಅವನ ಕಸುಬು ಏನೆಂದು ಓದಿದಾಗ ನಾನು ಸೋಫಾದ ಹಳ್ಳದಿಂದ ಎದ್ದು ಕೂತೆ. ಸಗಟು ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ! ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರು ಬರೆದವನು. ಐದು ಪೈಸೆ ತಾಳೆಯಾಗದೆ ರಾತ್ರಿ ಒಂಬತ್ತರ ತನಕ ಕೂತವನು. ಜಗತ್ತಿನ ಕಲೆಯ ಚರಿತ್ರೆಯಲ್ಲಿ ನಮ್ಮ ಜಾತಿಯವನೊಬ್ಬ ಸಿಕ್ಕಿದನಲ್ಲ ಎಂದು ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕವಿಗಳಿಗೆ ಕವಿಗಳು ನೆಂಟರು, ಪೈಲ್ವಾನರಿಗೆ ಪೈಲ್ವಾನರು. ಗುಮಾಸ್ತರಿಗೆ ಯಾರಿದ್ದಾರೆ?

1893ರಲ್ಲಿ ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕರಕೊಂಡು ಶಿಕಾಗೊದ ವಿಶ್ವಮೇಳಕ್ಕೆ ಹೋಗಿ ಬಂದನಂತೆ. ಆಮೇಲೆ ಕ್ಯಾಮೆರಾ ಹಿಡಿದ. ಕಲಿಸಿದ ಗುರುವಿಲ್ಲ. ಸಂಬಳ ಅಷ್ಟಕ್ಕಷ್ಟೆ, ಆಗಿನ ಕಾಲಕ್ಕೆ ಗಾಜಿನ ತಟ್ಟೆಯ ಮೇಲೆ ಫೋಟೋ ತೆಗೆಯಬೇಕು, ಅವನ ಜೇಬಿಗೆ ಎಟುಕಿದ್ದು ವಾರಕ್ಕೆ ಎರಡು ತಟ್ಟೆ. ಎರಡೇ. ವರ್ಷಕ್ಕೆ ನೂರಾನಾಲ್ಕು ಆಯಿತು, ಲೆಕ್ಕ ನಾನೇ ಹಾಕಿದೆ. ನನ್ನ ಫೋನಿನಲ್ಲಿ ಮೊಮ್ಮಗನ ಕಾಲಿನ ಹೆಬ್ಬೆರಳಿನದ್ದೇ ಅದಕ್ಕಿಂತ ಹೆಚ್ಚು ಫೋಟೋಗಳಿವೆ. ಹಾಗಾಗಿ ವೈಟ್ ವಾರವಿಡೀ ಯೋಚನೆ ಮಾಡುತ್ತಿದ್ದ. ಇನ್ವಾಯ್ಸು ಬರೆಯುತ್ತ, ಸಕ್ಕರೆ ಚೀಲದ ಲೆಕ್ಕ ಹಾಕುತ್ತ, ತಲೆಯಲ್ಲಿ ಮಾತ್ರ ಯಾರನ್ನು ಎಲ್ಲಿ ನಿಲ್ಲಿಸಲಿ, ಬೆಳಕು ಯಾವ ಕಡೆಯಿಂದ ಬರಲಿ ಎಂದು ಕೂಡಿ ಕಳೆಯುವುದು. ಅಂಗಡಿ ತೆರೆಯುವ ಮುಂಚೆ, ಇಲ್ಲವೆ ಮುಚ್ಚಿದ ಮೇಲೆ, ಉಳಿದ ಚೂರುಪಾರು ಬೆಳಕಿನಲ್ಲಿ ಆ ಎರಡು ತಟ್ಟೆ ಖರ್ಚು ಮಾಡುವುದು. ಅವನ ಚಿತ್ರಗಳಲ್ಲಿರುವ ಆ ಮೆತ್ತನೆಯ ಮುಂಜಾನೆ ಇದೆಯಲ್ಲ, ವಿಮರ್ಶಕರು ಅದನ್ನು ಕಾವ್ಯ ಅನ್ನುತ್ತಾರೆ. ನಮಗೆ ಗೊತ್ತು, ಅದು ಡ್ಯೂಟಿಗೆ ಹೊತ್ತಾಗುವ ಮುಂಚಿನ ಬೆಳಕು.

ಇದನ್ನೆಲ್ಲ ಉತ್ಸಾಹದಿಂದ ನನ್ನಾಕೆಗೆ ಹೇಳಿದೆ. ಆಕೆ ಮಗುವಿಗೆ ಕಾಡಿಗೆ ಹಚ್ಚುತ್ತಿದ್ದವಳು ತಲೆಯೆತ್ತದೆ ಕೇಳಿದಳು: "ಆ ಮಹಾತಾಯಿ ಹೆಸರೇನು?"

"ಯಾರದು?"

"ಅದೇ, ಬೆಳಗಿನ ಜಾವ ಎಬ್ಬಿಸಿ ಕಿಟಕಿ ಪಕ್ಕ ನಿಲ್ಲಿಸ್ತಿದ್ದನಲ್ಲ, ಆ ಹೆಂಡತಿ."

"ಜೇನ್."

"ಮಕ್ಕಳು?"

"ಮೂರು ಗಂಡು."

"ಮೂರು ಗಂಡು! ಡ್ಯೂಟಿಗೆ ಹೋಗೋ ಗಂಡ. ಒಲೆ ಮೇಲೆ ಹಾಲು. ಇವರು ಲಂಗದ ನೆರಿಗೆ ಸರಿಮಾಡು, ಕತ್ತು ಓರೆ ಮಾಡು ಅಂತಿದ್ದರೆ ಆ ಜೇನಮ್ಮ ಹೇಗೆ ಸುಮ್ಮನಿದ್ದಳೋ."

ಅವತ್ತಿನಿಂದ ನಮ್ಮ ಮನೆಯಲ್ಲಿ ಅವಳು ಜೇನಮ್ಮ. ಬರೀ ಜೇನಮ್ಮನಲ್ಲ, ಅವಳ ತಂಗಿಯರನ್ನೂ ವೈಟ್ ಬಿಡಲಿಲ್ಲ. 1899ರ 'ರಿಂಗ್ ಟಾಸ್' ಎಂಬ ಚಿತ್ರದಲ್ಲಿ ಉದ್ದ ಲಂಗದ ಹುಡುಗಿಯರು ಒಳಮನೆಯಲ್ಲಿ ಬಳೆ ಎಸೆಯುವ ಆಟ ಆಡುತ್ತಿದ್ದಾರೆ. 1902ರ 'ದಿ ಆರ್ಚರ್ಡ್' ಎಂಬುದರಲ್ಲಿ ತೋಟದಲ್ಲಿ ಸೇಬು ಆಯುತ್ತಿದ್ದಾರೆ. ನನ್ನಾಕೆ ಅದನ್ನು ನೋಡಿ, "ಸೇಬು ಆಯೋರು ಇಷ್ಟುದ್ದದ ಬಟ್ಟೆ ನೆಲಕ್ಕೆ ಎಳಕೊಂಡು ಆಯ್ತಾರಾ? ಒಬ್ಬಳಾದರೂ ಸೆರಗು ಸಿಕ್ಕಿಸಿದ್ದಾಳಾ ನೋಡಿ" ಅಂದಳು. ಮಂಜು ಕವಿದ ಬೆಳಗಿನಲ್ಲಿ ಒಬ್ಬಾಕೆ ಗಾಜಿನ ಗುಂಡು ಹಿಡಿದು ನಿಂತಿರುವ 'ಮಾರ್ನಿಂಗ್' ತೋರಿಸಿದರೆ, "ಗಾಜಿನ ಗುಂಡು ಬಿಟ್ಟರೆ ಆ ಮನೆಯಲ್ಲಿ ಬೇರೆ ಸಾಮಾನೇ ಇರಲಿಲ್ಲವೇನ್ರೀ" ಎಂದು ಕೇಳಿದಳು. ಈ ಪಂಥದ ಬಗ್ಗೆ ಪ್ರೊಫೆಸರುಗಳು ಬರೆದದ್ದನ್ನು ನಾನು ಸಾಕಷ್ಟು ಓದಿದ್ದೇನೆ. ಇಷ್ಟು ನೇರವಾಗಿ ಯಾರೂ ಬರೆದಿಲ್ಲ.

ಆಕೆಯ ಮಾತಿನಲ್ಲಿ ನಿಜವಿತ್ತು ಅಂತ ಆಮೇಲೆ ಹೊಳೆಯಿತು. ಮನೆಯ ಮೌನ, ಮನೆಯ ಮೌನ ಅಂತ ನಾನು ಕಣ್ಣುಮುಚ್ಚಿ ಮೆಚ್ಚುತ್ತಿದ್ದ ಒಂದೊಂದು ಚಿತ್ರದ ಹಿಂದೆಯೂ ಎಷ್ಟು ಗಲಾಟೆ ನಡೆದಿರಬೇಕು! ಆಸ್ಟ್ರಿಯಾದ ಇನ್ಸ್‌ಬ್ರುಕ್ಕಿನಲ್ಲಿ ಹೈನ್ರಿಚ್ ಕ್ಯೂನ್ ಅಂತ ಇನ್ನೊಬ್ಬನಿದ್ದ. ನಾಲ್ಕು ಮಕ್ಕಳು. 1905ರಲ್ಲಿ ಹೆಂಡತಿ ತೀರಿಕೊಂಡಳು. ಮಕ್ಕಳನ್ನು ನೋಡಿಕೊಳ್ಳಲು ಮೇರಿ ವಾರ್ನರ್ ಎಂಬಾಕೆ ಇದ್ದಳು. ಮಕ್ಕಳು, ದಾದಿ, ಹುಲ್ಲುಗಾವಲು, ಹಿತ್ತಲು: ಅವನ ಜೀವಮಾನದ ಚೆಲುವಾದ ಚಿತ್ರಗಳೆಲ್ಲ ಇವೇ. ನೋಡಿದರೆ ಭಾನುವಾರದ ಮಧ್ಯಾಹ್ನ ಹಾಯಾಗಿ ಆಡಿಕೊಂಡಿದ್ದ ಮಕ್ಕಳನ್ನು ಅಪ್ಪ ಸುಮ್ಮನೆ ತೆಗೆದ ಹಾಗಿವೆ. ಆದರೆ ಆ ಮಕ್ಕಳ ಬಟ್ಟೆ ಹೊಲಿಸಿದ್ದೇ ಫೋಟೋಕ್ಕಾಗಿ. ಬಿಳಿ ಎಲ್ಲಿ ಬೀಳಬೇಕು, ಬೂದು ಎಷ್ಟಿರಬೇಕು, ಕಪ್ಪು ಎಲ್ಲಿ ನಿಲ್ಲಬೇಕು ಎಂದು ನೋಡಿಕೊಂಡು ಬಟ್ಟೆ ಆರಿಸುತ್ತಿದ್ದ. ನಮ್ಮಲ್ಲಿ ಮಕ್ಕಳಿಗೆ ಬಟ್ಟೆ ಹೊಲಿಸುವುದು ದೀಪಾವಳಿಗೆ. ಕ್ಯೂನ್ ಮನೆಯಲ್ಲಿ ಬೂದು ಛಾಯೆಗೆ.

ಇವರೆಲ್ಲ ಹೀಗೆ ಒದ್ದಾಡಿದ್ದಕ್ಕೆ ಕಾರಣ ಕೊಡಕ್. 1888ರಲ್ಲಿ ಆ ಕಂಪನಿ ಒಂದು ಪೆಟ್ಟಿಗೆ ಕ್ಯಾಮೆರಾ ತಂತು. 25 ಡಾಲರ್ ಬೆಲೆ, ನೂರು ಚಿತ್ರದ ಫಿಲಮು ಒಳಗೇ ತುಂಬಿ ಬರುತ್ತಿತ್ತು. ಗುಂಡಿ ಒತ್ತಿ, ಪೆಟ್ಟಿಗೆಯನ್ನೇ ಕಂಪನಿಗೆ ವಾಪಸು ಕಳಿಸಿದರಾಯಿತು, ತೊಳೆದು ಅಚ್ಚು ಹಾಕಿ ಕೊಡುವುದು ಅವರ ಕೆಲಸ. 1900ರಲ್ಲಿ ಬ್ರೌನಿ ಬಂತು, ಒಂದೇ ಡಾಲರು. ಊರಿಗೆ ಊರೇ ಫೋಟೋಗ್ರಾಫರಾಯಿತು. ಕಸುಬು ಬಲ್ಲವರಿಗೆ ಸಿಟ್ಟು ಬರುವುದು ಸಹಜ. ಹೋಟೆಲುಗಳು ಹೆಚ್ಚಾದಾಗ ಅಡುಗೆ ಭಟ್ಟರಿಗೆ ಬಂದ ಹಾಗೆ. ನಿಮ್ಮ ಕೈಲಾಗದ್ದನ್ನು ನಾವು ಮಾಡಿ ತೋರಿಸುತ್ತೇವೆ ಎಂದು ಇವರು ಹೊರಟರು. ಫೋಟೋವನ್ನು ಮಬ್ಬು ಮಾಡಿದರು. ಗೋಂದಿಗೆ ಬಣ್ಣ ಕಲಸಿ ಕಾಗದಕ್ಕೆ ಬಳಿದು, ಅದರ ಮೇಲೆ ಅಚ್ಚಿಳಿಸಿ, ಬ್ರಶ್ಶಿನಲ್ಲಿ ತಿದ್ದಿದರು. ಫ್ರಾಂಕ್ ಯೂಜೀನ್ ಎಂಬಾತ ನೆಗೆಟಿವ್ವನ್ನೇ ಸೂಜಿಯಲ್ಲಿ ಗೀರಿದ. 1892ರಲ್ಲಿ ಲಂಡನ್ನಿನಲ್ಲಿ ಲಿಂಕ್ಡ್ ರಿಂಗ್ ಎಂಬ ಕೂಟ ಕಟ್ಟಿಕೊಂಡರು. ಅದರ ಸದಸ್ಯನಿಗೆ ಸದಸ್ಯ ಅನ್ನುವಂತಿಲ್ಲ, 'ಕೊಂಡಿ' ಅನ್ನಬೇಕು. ಫೋಟೋ ಕಲೆಯೇ ಎಂದು 1889ರಲ್ಲಿ ಪುಸ್ತಕ ಬರೆದು ಗುಡುಗಿದ ಪೀಟರ್ ಹೆನ್ರಿ ಎಮರ್ಸನ್, ಸ್ವಲ್ಪ ದಿನಕ್ಕೇ ಮನಸ್ಸು ಬದಲಾಯಿಸಿ, ಅಲ್ಲ, ನಾನು ಹೇಳಿದ್ದು ತಪ್ಪು ಎಂದು ಕಪ್ಪಂಚಿನ ಕರಪತ್ರ ಅಚ್ಚು ಹಾಕಿಸಿ ಹಂಚಿದ. ತನ್ನ ವಾದದ ವೈಕುಂಠ ಸಮಾರಾಧನೆಯ ಕಾಗದವನ್ನು ತಾನೇ ಹಂಚಿದವನು ಅವನೊಬ್ಬನೇ ಇರಬೇಕು. ಇಂಥವರನ್ನು ಗೇಲಿ ಮಾಡದೆ ಪ್ರೀತಿಸುವುದು ಕಷ್ಟ.

ಈ ಪಂಥ ಹುಟ್ಟುವ ಮುಂಚೆಯೇ ಇದೇ ದಾರಿ ಹಿಡಿದಿದ್ದ ಅಜ್ಜಿಯೊಬ್ಬಳಿದ್ದಳು, ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. ಹುಟ್ಟಿದ್ದು 1815ರಲ್ಲಿ ನಮ್ಮ ಕಲ್ಕತ್ತೆಯಲ್ಲಿ, ಸತ್ತದ್ದು 1879ರಲ್ಲಿ ಸಿಲೋನಿನಲ್ಲಿ. ಇಂಗ್ಲೆಂಡಿನಲ್ಲಿದ್ದಾಗ, ನಲವತ್ತೆಂಟನೆಯ ವಯಸ್ಸಿನಲ್ಲಿ, ಹೊತ್ತು ಹೋಗಲಿ ಅಂತ ಮಗಳು ಕ್ಯಾಮೆರಾ ಕೊಡಿಸಿದಳು. ಕೋಳಿಗೂಡೇ ಸ್ಟುಡಿಯೋ ಆಯಿತು. ಮನೆಗೆಲಸದ ಹುಡುಗಿ ಮೇರಿ ಹಿಲಿಯರ್ ಮತ್ತೆ ಮತ್ತೆ ಮಾತೆ ಮರಿಯಮ್ಮನ ವೇಷದಲ್ಲಿ ಕೂತಳು. ಅಷ್ಟು ದಿನ ಪಾತ್ರೆ ತೊಳೆದವರು ಯಾರು ಎಂದು ಯಾವ ಪುಸ್ತಕದಲ್ಲೂ ಇಲ್ಲ. ಪ್ರಶ್ನೆ ಯಾರದೆಂದು ನಿಮಗೆ ಹೇಳಬೇಕಾಗಿಲ್ಲ.

ನನ್ನಾಕೆಗೆ ಇಷ್ಟವಾದವಳು ಮಾತ್ರ ಗರ್ಟ್ರೂಡ್ ಕೇಸ್‌ಬಿಯರ್. ಮೂರು ಮಕ್ಕಳನ್ನು ಬೆಳೆಸಿ, ಮೂವತ್ತೇಳರ ವಯಸ್ಸಿನಲ್ಲಿ ಕಾಲೇಜು ಸೇರಿ ಚಿತ್ರಕಲೆ ಕಲಿತು, ಆಮೇಲೆ ನ್ಯೂಯಾರ್ಕಿನಲ್ಲಿ ಸ್ಟುಡಿಯೋ ತೆರೆದವಳು. ಗಂಡ ಅರಗಿನ ವ್ಯಾಪಾರಿ. ಆ ಕಾಲದ ಅರಗು ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ, ಹಾಗಾಗಿ ಅವಳ ಮನೆ ನಡೆದದ್ದರಲ್ಲಿ ನಮ್ಮದೂ ಒಂದು ಪಾಲಿದೆ ಅಂತ ಇಟ್ಟುಕೊಳ್ಳೋಣ. ಗಂಡಹೆಂಡಿರಿಗೆ ಸರಿಬರುತ್ತಿರಲಿಲ್ಲ. ತಾಯಿ ಮಕ್ಕಳ ಚಿತ್ರಕ್ಕೆ ಜಗತ್ತಿನಲ್ಲೇ ಹೆಸರಾದ ಈ ಹೆಂಗಸು, ಗಂಡ ತೀರಿಕೊಂಡ ಮೇಲೆ, 1915ರ ಸುಮಾರಿಗೆ ಒಂದು ಚಿತ್ರ ಮಾಡಿದಳು: ನೊಗಕ್ಕೆ ಕಟ್ಟಿದ, ಬಾಯಿಗೆ ಕುಕ್ಕೆ ಹಾಕಿದ ಎರಡು ಎತ್ತು. ಅದಕ್ಕೆ ಅವಳಿಟ್ಟ ಹೆಸರಿನಲ್ಲಿ 'ಮದುವೆ' ಅನ್ನುವ ಮಾತಿದೆ. ನನ್ನಾಕೆ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಇದು ಸಿಗೋದಾದರೆ ತರಿಸಿ" ಅಂದಳು. ನಾನು ಪುಟ ತಿರುಗಿಸಿದೆ.

ತಿರುಗಿಸಿದ ಪುಟದಲ್ಲಿ ಅವಳದೇ 1899ರ ಪ್ರಸಿದ್ಧ ಚಿತ್ರವಿತ್ತು. ಬಾಗಿಲಲ್ಲಿ ಬಿಳಿ ಉಡುಪಿನ ತಾಯಿ, ಪಕ್ಕದಲ್ಲಿ ಕಪ್ಪು ಉಡುಪಿನ ಪುಟ್ಟ ಮಗಳು, ಹೊಸ್ತಿಲು ದಾಟಲು ನಿಂತ ಹಾಗೆ. ತಾಯಿ ಆಗ್ನೆಸ್ ಲೀ, ಮಗಳು ಪೆಗ್ಗಿ. ಆ ವರ್ಷವೇ ಪೆಗ್ಗಿ ತೀರಿಕೊಂಡಳು. ಐದು ವರ್ಷದ ಮೇಲೆ ಕೇಸ್‌ಬಿಯರ್ ಅದೇ ತಾಯಿಯನ್ನು ಒಂಟಿಯಾಗಿ ಕೂರಿಸಿ ಇನ್ನೊಂದು ಚಿತ್ರ ತೆಗೆದಳು. ಇದನ್ನು ಓದಿ ಹೇಳಿದಾಗ ನನ್ನಾಕೆ ಏನೂ ಅನ್ನಲಿಲ್ಲ. ಒಳಗೆ ಹೋಗಿ ಮಲಗಿದ್ದ ಮೊಮ್ಮಗನ ಹೊದಿಕೆ ಸರಿಮಾಡಿ ಬಂದಳು.

ಬೆಂಗಳೂರಿಗೆ ವಾಪಸಾಗುವಷ್ಟರಲ್ಲಿ ರೋಗ ಬಲಿತಿತ್ತು. ಚುಟುಕಾಗಿ ಹೇಳುವುದಾದರೆ, ಈ ಹುಚ್ಚಿನಲ್ಲಿ ಮೂರು ಮೆಟ್ಟಿಲು. ಮೇಲಿನದು ಶ್ರೀಮಂತರದು: ಕಲಾವಿದನೇ ಅಚ್ಚಿಳಿಸಿದ ಮೂಲ ಪ್ರತಿಗಳು. ಎಡ್ವರ್ಡ್ ಸ್ಟೈಕನ್ನನ 1904ರ ಬೆಳದಿಂಗಳ ಕೊಳದ ಚಿತ್ರ 2006ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 29 ಲಕ್ಷ ಡಾಲರಿಗೆ ಹೋಯಿತು, ಆಗಿನ ಲೆಕ್ಕಕ್ಕೆ ನಮ್ಮ ಸುಮಾರು 13 ಕೋಟಿ. ಕೊಳವನ್ನೇ ಕೊಂಡುಕೊಳ್ಳಬಹುದಿತ್ತು. ಕೊನೆಯ ಮೆಟ್ಟಿಲು ಕ್ಯಾಲೆಂಡರಿನವರದು, ಅದು ನಮಗೆ ಬೇಡ. ನಡುವಿನ ಮೆಟ್ಟಿಲಲ್ಲಿ ಕೂತಿರುವವರೇ ನನ್ನಂಥ ಪಿಂಚಣಿದಾರರು. ನಮ್ಮ ಕುಲದೇವತೆ 'ಕ್ಯಾಮೆರಾ ವರ್ಕ್' ಎಂಬ ಪತ್ರಿಕೆ.

ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಎಂಬ ಮಹಾ ಹಟಮಾರಿ 1903ರಿಂದ 1917ರವರೆಗೆ ಅದನ್ನು ನಡೆಸಿದ. ಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ಇಳಿಸಿ, ಕೈಯಿಂದ ಮಸಿ ಹಚ್ಚಿ ಒರೆಸಿ, ಎಷ್ಟೋ ಸಲ ತೆಳ್ಳಗಿನ ಜಪಾನೀ ಕಾಗದದ ಮೇಲೆ ಒಂದೊಂದಾಗಿ ಅಚ್ಚು ಹಾಕಿಸುತ್ತಿದ್ದ. ಇದಕ್ಕೆ ಫೋಟೋಗ್ರೇವ್ಯೂರ್ ಅನ್ನುತ್ತಾರೆ. ಅದು ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, 1904ರಲ್ಲಿ ಬ್ರಸೆಲ್ಸಿನ ಪ್ರದರ್ಶನಕ್ಕೆ ಹೊರಟ ಮೂಲ ಚಿತ್ರಗಳು ಹೊತ್ತಿಗೆ ತಲುಪದೆ ಹೋದಾಗ ಪತ್ರಿಕೆಯ ಈ ಹಾಳೆಗಳನ್ನೇ ತೂಗುಹಾಕಿದರಂತೆ, ಯಾರಿಗೂ ಪತ್ತೆಯಾಗಲಿಲ್ಲವಂತೆ. ಕೊನೆಕೊನೆಗೆ ಚಂದಾದಾರರು ನಲವತ್ತು ಜನವೂ ಉಳಿಯಲಿಲ್ಲ. ಕನ್ನಡದಲ್ಲಿ ಸಾಹಿತ್ಯ ಪತ್ರಿಕೆ ನಡೆಸಿದವರು ಈ ಸಾಲು ಓದಿ ನಿಟ್ಟುಸಿರು ಬಿಡಬಹುದು. 1933ರಲ್ಲಂತೂ, ತಾನು ಕೂಡಿಟ್ಟಿದ್ದ ಸಂಗಾತಿಗಳ ಚಿತ್ರಗಳಿಗೆ ಗೋದಾಮಿನ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ, ನಾನೂರಕ್ಕೂ ಹೆಚ್ಚು ಪ್ರತಿಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಒಪ್ಪಿಸಿ ಕೈತೊಳಕೊಂಡ. ಅವುಗಳಲ್ಲಿ ಸ್ಟೈಕನ್ನನ ಆ ಕೊಳದ ಇನ್ನೊಂದು ಪ್ರತಿಯೂ ಇತ್ತು. ಸ್ಟೀಗ್ಲಿಟ್ಸನ ಮನೆಯವರು ಅವನನ್ನು ಏನನ್ನುತ್ತಿದ್ದರೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅನ್ನುವುದೇ ಸಾಕು.

ನನ್ನ ಮಳೆಹನಿಯ ಹುಡುಗ ಅದೇ ಪತ್ರಿಕೆಯ 23ನೆಯ ಸಂಚಿಕೆಯವನು, ಜುಲೈ 1908. ಆ ಸಂಚಿಕೆಯ ಚಿತ್ರಗಳು ವೈಟ್‌ನವು. ಹಳೆಯ ಸಂಚಿಕೆಗಳ ಹಾಳೆ ಬಿಡಿಸಿ ಮಾರುವುದು ಈ ವ್ಯಾಪಾರದಲ್ಲಿ ಮಾಮೂಲು. ಪುಸ್ತಕ ಹರಿಯುವುದು ಪಾಪವೇ, ಬಿಡಿಸಿದವನು ನಾನಲ್ಲ, ಪಾಪದಲ್ಲಿ ಕಾಲುಭಾಗ ಒಪ್ಪಿಕೊಳ್ಳುತ್ತೇನೆ.

ಬಂದ ದಿನವೇ ಭೂತಗನ್ನಡಿ ಹಿಡಿದು ಕೂತೆ. ಅಸಲಿ ಫೋಟೋಗ್ರೇವ್ಯೂರ್ ಆದರೆ ಕನ್ನಡಿಯ ಕೆಳಗೆ ರವೆಯ ಹಾಗೆ ಅಂಕುಡೊಂಕು ಕಾಳು ಕಾಣುತ್ತದೆ. ಪುಸ್ತಕದಿಂದ ಕತ್ತರಿಸಿದ ಸಾದಾ ಅಚ್ಚಾದರೆ ಚುಕ್ಕಿ ರಂಗೋಲಿಯ ಹಾಗೆ ಸಾಲಾಗಿ ಚುಕ್ಕಿಗಳು. ರವೆಯೇ ಕಂಡಿತು. "ರವೆ ಇದೆ ಕಣೇ, ರವೆ!" ಎಂದು ಕೂಗಿದೆ. ಅಡುಗೆಮನೆಯಿಂದ ಉತ್ತರ ಬಂತು: "ಇಲ್ಲ, ಮುಗಿದಿದೆ. ಹೋಗುವಾಗ ಅರ್ಧ ಕೇಜಿ ತನ್ನಿ."

ಪ್ಲಾಟಿನಂ ಪ್ರಿಂಟು ಅಂತ ಇನ್ನೊಂದಿದೆ, ಅದು ನನಗೆ ಎಟುಕುವುದಿಲ್ಲ. ಬಾಯಲ್ಲಿ ನೀರೂರಿಸಿಕೊಂಡು ನೋಡಿದ್ದು ಮಾತ್ರ. ಸಾಮಾನ್ಯ ಫೋಟೋದಲ್ಲಿ ಚಿತ್ರ ಕಾಗದದ ಮೇಲಿನ ಹೊಳಪಿನ ಪದರದಲ್ಲಿ ಕೂತಿರುತ್ತದೆ. ಪ್ಲಾಟಿನಂನಲ್ಲಿ ಚಿತ್ರ ಕಾಗದದ ನಾರಿನೊಳಗೇ ಇಳಿದಿರುತ್ತದೆ, ಅಕ್ಕಿಗೆ ಅರಿಶಿನ ಹಿಡಿದ ಹಾಗೆ. ಬಿಳಿಯಿಂದ ಕಪ್ಪಿಗೆ ಹೋಗುವ ದಾರಿಯಲ್ಲಿ ಬೂದುಗಳ ಮೆಟ್ಟಿಲು ಅದೆಷ್ಟೋ. ಮಾಸುವುದಿಲ್ಲ. ಒಂದೇ ವಿಚಿತ್ರ: ವರ್ಷಗಟ್ಟಲೆ ಅದರ ಮೇಲೆ ಬೇರೆ ಕಾಗದ ಒರಗಿಕೊಂಡಿದ್ದರೆ ಆ ಕಾಗದದ ಮೇಲೆ ಅದೇ ಚಿತ್ರದ ಕಂದು ನೆರಳು ತಿರುವುಮುರುವಾಗಿ ಮೂಡುತ್ತದೆ. ತಾಯಿ ಮಗು ಇದ್ದರೆ ಎದುರು ಹಾಳೆಯಲ್ಲೂ ಮಸುಕಾಗಿ ತಾಯಿ ಮಗು. ಪ್ಲಾಟಿನಂ ತಾಗಿದ ಕಡೆ ಕಾಗದ ಬೇಗ ಮುಪ್ಪಾಗುತ್ತದೆ, ಕಾರಣ ಅಷ್ಟೇ. ಆದರೂ ರಾತ್ರಿ ಹೊತ್ತು ಇದನ್ನು ಯೋಚಿಸಬಾರದು. ಮೊದಲ ಮಹಾಯುದ್ಧ ಬಂದು ಪ್ಲಾಟಿನಂ ಎಲ್ಲ ಸಿಡಿಮದ್ದಿನ ರಾಸಾಯನಿಕ ತಯಾರಿಸುವ ಕಾರ್ಖಾನೆಗಳಿಗೆ ಬೇಕಾಯಿತು. ಹೆಚ್ಚಿನ ಪ್ಲಾಟಿನಂ ಬರುತ್ತಿದ್ದ ರಷ್ಯಾದಲ್ಲಿ ಕ್ರಾಂತಿಯಾಯಿತು. ಆ ಕಾಗದದ ಕಾಲ ಮುಗಿಯಿತು. ಮನೆಯ ಮೌನಕ್ಕೆ ಬಳಸುತ್ತಿದ್ದ ಸಾಮಾನು ಬಾಂಬಿಗೆ ಹೋಯಿತು ಅಂದರೆ ಅತಿಶಯವಾದೀತೇನೋ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಹಾಗೇ ಬರೆಯಬೇಕಾಗುತ್ತದೆ.

ಇನ್ನು ನನ್ನಾಕೆಯ ಟ್ರಂಕಿನ ಮಾತು. ಹೋದ ಆಷಾಢದಲ್ಲಿ ಅದನ್ನು ಅಟ್ಟದಿಂದ ಇಳಿಸಿದೆ, ಬಾಯಿ ಮುಚ್ಚಿಸೋಣ ಅಂತ. ಮದುವೆ, ಮುಂಜಿ, ಗೃಹಪ್ರವೇಶ. ಸ್ಟುಡಿಯೋದಲ್ಲಿ ಬಣ್ಣ ಬಳಿದ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಂತ ಅಣ್ಣತಮ್ಮಂದಿರು. ತೀರಿಕೊಂಡ ಮೇಲೆ ಗ್ರೂಪ್ ಫೋಟೋದಿಂದ ಬಿಡಿಸಿ ದೊಡ್ಡದು ಮಾಡಿಸಿದ ಅಜ್ಜ. ಎಲ್ಲ ಇದ್ದವು. ನನ್ನ ಅಮ್ಮ ತೀರ್ಥಹಳ್ಳಿಯ ಮನೆಯ ಜಗಲಿಯಲ್ಲಿ ಮಳೆ ನೋಡುತ್ತ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತದ್ದು ಮಾತ್ರ ಇರಲಿಲ್ಲ. ಹೇಗಿರುತ್ತದೆ? ನಮ್ಮಲ್ಲಿ ಫೋಟೋ ತೆಗೆಸುತ್ತಿದ್ದದ್ದು ಏನಾದರೂ ಆದಾಗ. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಯಾರು ಫೋಟೋಗ್ರಾಫರನ್ನು ಕರೆಸುತ್ತಾರೆ? ಅಮ್ಮನ ಒಂದೇ ಫೋಟೋ ಇದೆ, ನನ್ನಕ್ಕನ ಮದುವೆಯದು, ಅದರಲ್ಲೂ ಫ್ಲಾಶ್ ಬಿದ್ದು ಕಣ್ಣು ಮುಚ್ಚಿದ್ದಾಳೆ. ಟ್ರಂಕು ಮುಚ್ಚಿ ಮೇಲಿಟ್ಟೆ. ಆಕೆ ಆಮೇಲೆ ಆ ಮಾತು ಎತ್ತಿಲ್ಲ.

ನಮ್ಮ ದೇಶದಲ್ಲಿ ಈ ಪಂಥದವರು ಇರಲೇ ಇಲ್ಲ ಅಂತಲ್ಲ. ಮುಂಬಯಿಯ ಪಾರ್ಸಿ ಶಾಪೂರ್ ಭೇದವಾರ್ 1890ರ ದಶಕದಲ್ಲೇ ಲಂಡನ್ನಿನ ಪ್ರದರ್ಶನಗಳಲ್ಲಿ ಹೆಸರು ಮಾಡಿದ್ದ. ಪಾರ್ಸಿ ಹುಡುಗ ಪುರೋಹಿತನಾಗುವ ವಿಧಿಯನ್ನು ನಾಟಕದ ದೃಶ್ಯಗಳ ಹಾಗೆ ಜೋಡಿಸಿ ಸರಣಿಯಾಗಿ ತೆಗೆದ. ಇನ್ನೊಂದು ನಂಟು ಹೇಳಿದರೆ ನೀವು ಹೌದೇ ಅನ್ನುತ್ತೀರಿ. ನಮ್ಮ ಗುಮಾಸ್ತ ವೈಟ್ ದಿನಸಿ ಅಂಗಡಿ ಬಿಟ್ಟು, 1906ರಲ್ಲಿ ನ್ಯೂಯಾರ್ಕಿಗೆ ಹೋಗಿ, ಆಮೇಲೆ ಮೇಷ್ಟರಾದ. ಅವನ ಹತ್ತಿರ ಕಲಿತವರಲ್ಲಿ ಮಾರ್ಗರೆಟ್ ಬೋರ್ಕ್-ವೈಟ್ ಒಬ್ಬಳು. 1946ರಲ್ಲಿ ಪುಣೆಗೆ ಬಂದು, ಚರಕದ ಹಿಂದೆ ನೆಲದ ಮೇಲೆ ಕೂತು ಓದುತ್ತಿರುವ ಗಾಂಧೀಜಿಯ ಚಿತ್ರ ತೆಗೆದವಳು ಇವಳೇ. ಮೊದಲು ನೂಲುವುದು ಕಲಿತು ಬಾ ಎಂದು ಗಾಂಧೀಜಿಯ ಕಾರ್ಯದರ್ಶಿ ಅವಳನ್ನು ಚರಕಕ್ಕೆ ಕೂರಿಸಿದನಂತೆ. ಒಳಗೆ ಬಿಟ್ಟದ್ದು ಮೂರೇ ಫ್ಲಾಶ್ ಬಲ್ಬಿಗೆ. ಮೊದಲ ಎರಡು ಪ್ರಯತ್ನ ಕೈಕೊಟ್ಟವು, ಮೂರನೆಯದು ಫಲಿಸಿತು. ವಾರಕ್ಕೆ ಎರಡು ತಟ್ಟೆಯ ಮೇಷ್ಟರ ಶಿಷ್ಯೆಗೆ ಮೂರು ಬಲ್ಬು ಧಾರಾಳವೇ ಆಯಿತು. ಆ ದಿನ ಗಾಂಧೀಜಿಯ ಮೌನದ ದಿನ. ಚಿತ್ರದಲ್ಲಿ ಕಿಟಕಿಯೂ ಇದೆ. ಇದನ್ನು ಹೇಳಿದಾಗ ಮಾತ್ರ ನನ್ನಾಕೆ, "ಇದಾದರೆ ನಮ್ಮವರದ್ದು, ಗೋಡೆಗೆ ಹಾಕಬಹುದು" ಅಂದಳು.

ನನ್ನ ಹುಡುಗ ಗೋಡೆಯ ಮೇಲಿಲ್ಲ. ಬಿಸಿಲು ಬಿದ್ದರೆ ಕಾಗದ ಕೆಡುತ್ತದೆ, ಬೆಂಗಳೂರಿನ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಮನೆಯಲ್ಲಿ ಒಣಗಿರುವ, ಕತ್ತಲಿರುವ, ಬೀಗ ಇರುವ ಜಾಗ ಒಂದೇ: ರೇಷ್ಮೆ ಸೀರೆಗಳ ಬೀರು. ಎರಡು ಸೀರೆಗಳ ನಡುವೆ ಚಪ್ಪಟೆಯಾಗಿ ಮಲಗಿಸಿದ್ದೇನೆ. ನುಸಿಗುಳಿಗೆಯ ಹೊಗೆ ಚಿತ್ರಕ್ಕೆ ಆಗದು ಎಂದು ಕಾಡಿ ಬೇಡಿ ಆ ಅರೆಯಿಂದ ಗುಳಿಗೆ ತೆಗೆಸಿದೆ. "ಸೀರೆಗೆ ಹುಳ ಬಿದ್ದರೆ ಆ ಹುಡುಗನ ಅಪ್ಪನ ಹತ್ತಿರ ಕೊಡಿಸ್ತೀರಾ?" ಎಂದು ಕೇಳಿ, ಗುಳಿಗೆಯ ಬದಲು ಬೇವಿನೆಲೆ ಇಟ್ಟಳು. ಮಳೆ ಜೋರಾಗಿ ಬರುವ ಮಧ್ಯಾಹ್ನ ಒಮ್ಮೊಮ್ಮೆ ಬೀರು ತೆರೆದ ಸದ್ದಾಗುತ್ತದೆ. ಹೋಗಿ ಇಣುಕಿದರೆ ಆಕೆಯೇ, ಹಾಸಿಗೆಯ ಮೇಲೆ ಚಿತ್ರ ಇಟ್ಟುಕೊಂಡು ಕೂತಿರುತ್ತಾಳೆ. ಕಂಡೊಡನೆ, "ಸೀರೆ ಮಡಿಕೆ ಬದಲಾಯಿಸ್ತಿದ್ದೆ" ಅನ್ನುತ್ತಾಳೆ.

ನೋಡಬೇಕೆನಿಸಿದವರು ಧಾರಾಳವಾಗಿ ನಮ್ಮ ಮನೆಗೆ ಬನ್ನಿ. ಕೈ ತೊಳೆದು ಒರೆಸಿಕೊಂಡು ಕೂರಬೇಕು. ಕಾಫಿ ಚಿತ್ರವನ್ನು ಒಳಗಿಟ್ಟ ಮೇಲೆ. ಜೇನಮ್ಮನ ಪರವಾಗಿ ಒಂದೆರಡು ಮಾತಾಡಿದರೆ ಕಾಫಿಯ ಜೊತೆ ಕೋಡುಬಳೆಯೂ ಬರುತ್ತದೆ. ಯಾವ ಸೀರೆಯಷ್ಟು ಎಂದು ಮಾತ್ರ ಆಕೆಯ ಮುಂದೆ ಕೇಳಬೇಡಿ, ನಾನಿನ್ನೂ ಉತ್ತರ ಕೊಟ್ಟಿಲ್ಲ.